ಅಂಗಳದ ತರಕಾರಿ ಕಟ್ಟೆಗೆ ಹನಿ ನೀರು



ನಮ್ಮ ನೆಟ್ಟಣ, ಬಿಳಿನೆಲೆ, ಸುಬ್ರಹ್ಮಣ್ಯದ ಕಡೆಯಲ್ಲಿ ಮಳೆಗೇನೂ ಕಡಿಮೆ ಇಲ್ಲ. ಘಟ್ಟದ ಬುಡದ ಈ ಸೀಮೆಗೆ ವರುಷಕ್ಕೆ 4000 ಮಿಲಿಮೀಟರಿನಷ್ಟು, ಕೆಲವು ವರುಷ ಅದಕ್ಕೂ ಮಿಕ್ಕಿ ಮಳೆ ಸುರಿಯುತ್ತದೆ. ಆದರೆ ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೇ ಬಿದ್ದು, ಕುಮಾರಧಾರೆ ಸೇರಿ, ನೇತ್ರಾವತಿಯ ಜೊತೆಗೆ ಕಡಲಿಗೆ ಹೋಗಿಬಿಡುತ್ತದೆ. ಮಾರ್ಚ್ ಬಂತೆಂದರೆ ಬಾವಿಯ ಹಗ್ಗಕ್ಕೆ ಇನ್ನೊಂದು ಮಾರು ಸೇರಿಸಬೇಕು. ಆಗ ಇರುವ ನೀರನ್ನು ಯಾರಿಗೆ ಕೊಡುವುದು? ಮೊದಲು ಅಡುಗೆಮನೆಗೆ, ಮತ್ತೆ ಹಟ್ಟಿಗೆ, ಮತ್ತೆ ಅಡಿಕೆ ತೋಟಕ್ಕೆ. ಸರದಿಯ ಕೊನೆಯಲ್ಲಿ ನಿಲ್ಲುವುದು ಅಂಗಳದ ತರಕಾರಿ. ಆದುದರಿಂದಲೇ ಶಿವರಾತ್ರಿ ಕಳೆಯುವಾಗ ಹರಿವೆ, ಬೆಂಡೆ, ಬಸಳೆ ಎಲ್ಲವೂ ಸೊರಗಿ ಹೋಗಿ, ಮದುವೆ ಮುಂಜಿಗಳ ಕಾಲಕ್ಕೆ ಸರಿಯಾಗಿ ನಾವು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವ ತರಕಾರಿಗೆ ಕೈಯೊಡ್ಡಬೇಕಾಗುತ್ತದೆ.

ಅಂಗಳದ ಒಂದು ತರಕಾರಿ ಕಟ್ಟೆಯನ್ನು ದಿನಕ್ಕೆ ಹದಿನೆಂಟು ಲೀಟರ್ ನೀರಿನಲ್ಲಿ, ಪಂಪಿಲ್ಲದೆ, ಕರೆಂಟಿಲ್ಲದೆ, ಬೇಸಗೆ ದಾಟಿಸುವುದು ಹೇಗೆ ಎಂಬುದೇ ಇಂದಿನ ವಿಷಯ.

ಕಟ್ಟೆ ಎಂದರೆ ಏನು ಎಂದು ಮೊದಲು ಹೇಳಬೇಕು. ಕೆಂಪುಕಲ್ಲನ್ನು ಎರಡು ಮೂರು ಸಾಲು ಇಟ್ಟು, ಅಥವಾ ಸೀಳಿದ ಅಡಿಕೆ ಮರವನ್ನು ಗೂಟಕ್ಕೆ ಕಟ್ಟಿ, ನೆಲದಿಂದ ಒಂದೂವರೆ ಎರಡು ಅಡಿ ಎತ್ತರಕ್ಕೆ ಮಣ್ಣು ತುಂಬಿದ ಮಡಿ. ಹತ್ತು ಅಡಿ ಉದ್ದ, ಮೂರು ಅಡಿ ಅಗಲ ಇದ್ದರೆ ಎರಡೂ ಬದಿಯಿಂದ ನಡುವಿನವರೆಗೆ ಕೈ ಎಟಕುತ್ತದೆ. ಬಗ್ಗಿ ಬಗ್ಗಿ ಸೊಂಟ ನೋವು ಮಾಡಿಕೊಳ್ಳುವ ಕೆಲಸವಿಲ್ಲ. ನಮ್ಮ ಮಳೆಗಾಲಕ್ಕೆ ಕಟ್ಟೆ ಬಹಳ ಒಳ್ಳೆಯದು. ನೆಲದ ಮಡಿಯಲ್ಲಿ ನೀರು ನಿಂತು ಬೇರು ಕೊಳೆಯುವಾಗ ಕಟ್ಟೆಯ ನೀರು ಬಸಿದು ಹೋಗುತ್ತದೆ. ಆದರೆ ಮಳೆಗಾಲದಲ್ಲಿ ಉಪಕಾರ ಮಾಡುವ ಅದೇ ಗುಣ ಬೇಸಗೆಯಲ್ಲಿ ತೊಂದರೆ ಕೊಡುತ್ತದೆ. ಕಟ್ಟೆಯ ಬದಿಯ ಕಲ್ಲು ಬಿಸಿಲಿಗೆ ಕಾದು ಒಳಗಿನ ಮಣ್ಣನ್ನು ಒಣಗಿಸುತ್ತದೆ. ನೆಲದೊಳಗಿನ ತೇವ ಮೇಲಕ್ಕೆ ಬರಲು ಹಾದಿ ಕಡಿಮೆ. ಸುಡುಮಣ್ಣು, ಹಟ್ಟಿಗೊಬ್ಬರ, ತೆಂಗಿನ ನಾರಿನ ಹುಡಿ ಸೇರಿಸಿ ಸಡಿಲ ಮಾಡಿದ ಮಣ್ಣಿನಲ್ಲಿ ಒಮ್ಮೆಲೇ ಹೊಯ್ದ ನೀರು ನಿಲ್ಲದೆ ನೇರ ತಳಕ್ಕೆ ಇಳಿದು, ತಳದ ತೂತಿನಲ್ಲಿ ಹೊರಗೆ ಬರುತ್ತದೆ. ಮೇಲೆ ನೋಡಿದರೆ ಒದ್ದೆ, ನಾಲ್ಕು ಬೆರಳು ಕೆಳಗೆ ಕೆದಕಿದರೆ ಅಲ್ಲಲ್ಲಿ ಒಣಮಣ್ಣು. ನಳಿಗೆ ರಬ್ಬರ್ ಪೈಪು ಸಿಕ್ಕಿಸಿ ಐದು ನಿಮಿಷ ಹಿಡಿದರೆ ಐವತ್ತು ಲೀಟರ್ ಆದರೂ ಖರ್ಚಾಗುತ್ತದೆ, ಅರ್ಧಕ್ಕರ್ಧ ಗಿಡಕ್ಕೆ ಸಿಕ್ಕುವುದಿಲ್ಲ.

ಹಾಗಾದರೆ ಕಟ್ಟೆಗೆ ನಿಜವಾಗಿ ಬೇಕಾದ ನೀರೆಷ್ಟು? ಲೆಕ್ಕ ಕಷ್ಟದ್ದಲ್ಲ. ನಮ್ಮ ಬೇಸಗೆಯ ಬಿಸಿಲಿಗೆ ತೆರೆದ ಪಾತ್ರೆಯ ನೀರು ದಿನಕ್ಕೆ ಸುಮಾರು 5 ಮಿಲಿಮೀಟರ್ ಆವಿಯಾಗುತ್ತದೆ ಎಂದು ಇಟ್ಟುಕೊಳ್ಳಿ. ಒಂದು ಚದರ ಮೀಟರಿಗೆ 5 ಲೀಟರ್ ಎಂದೇ ಅದರ ಅರ್ಥ. ಹತ್ತಡಿ ಮೂರಡಿಯ ಕಟ್ಟೆ ಎಂದರೆ ಮೂರು ಚದರ ಮೀಟರಿಗಿಂತ ಸ್ವಲ್ಪ ಕಡಿಮೆ. ಆದುದರಿಂದ 14 ಲೀಟರ್. ಬದಿಯ ಕಲ್ಲು ಕಾಯುವುದಕ್ಕಾಗಿ ಇನ್ನು ನಾಲ್ಕು ಲೀಟರ್ ಸೇರಿಸಿ. ಒಟ್ಟು 18 ಲೀಟರ್. ದೊಡ್ಡ ಕೊಡಪಾನದಲ್ಲಿ ಒಂದು ಕೊಡ, ಮೇಲೆ ಒಂದು ಚೆಂಬೋ ಎರಡು ಚೆಂಬೋ, ಅಷ್ಟೆ. ಇನ್ನೂರು ಲೀಟರಿನ ಒಂದು ಡ್ರಮ್ಮು ಹನ್ನೊಂದು ದಿನ ಬರ್ತದೆ. ಈ ನೀರನ್ನು ಬೇರಿಗೆ ಮುಟ್ಟಿಸುವುದೇ ಹನಿ ನೀರಾವರಿಯ ಕೆಲಸ.

ಇದೇನೂ ನಮಗೆ ತೀರಾ ಹೊಸತಲ್ಲ. ಶಿವಲಿಂಗದ ಮೇಲೆ ತೂಗುವ ಧಾರಾಪಾತ್ರೆಯನ್ನು ಕಾಣದವರು ಯಾರು? ಪೈಪಿಗೆ ಪ್ಲಾಸ್ಟಿಕ್ಕಿನ ಡ್ರಿಪ್ಪರ್ ಕೂಡಿಸಿ ಹೊಲಕ್ಕೆ ತಂದ ಕೀರ್ತಿ ಇಸ್ರೇಲಿನ ಸಿಮ್ಖಾ ಬ್ಲಾಸ್ ಎಂಬ ಎಂಜಿನಿಯರಿಗೆ ಸಲ್ಲುತ್ತದೆ. ಅಲ್ಲಿನ ಮರುಭೂಮಿಯ ಹಟ್ಜೆರಿಮ್ ಎಂಬ ಕೂಡುಬೇಸಾಯದ ಊರಿನಲ್ಲಿ 1965ರಲ್ಲಿ ಅದರ ಕಾರ್ಖಾನೆ ಶುರುವಾಯಿತು. ನಮ್ಮ ಅಡಿಕೆ ತೋಟಗಳಿಗೆ ಅದು ಈಗ ಪರಿಚಿತ ವಸ್ತು. ಬುಡಕ್ಕೆ ನೀರು ಹೊಯ್ಯುವ ಕ್ರಮದಲ್ಲಿ ಮರವೊಂದಕ್ಕೆ ಸಾರಿಗೆ 175 ಲೀಟರಿನಂತೆ, ಬಿರುಬೇಸಗೆಯಲ್ಲಿ ಮೂರರಿಂದ ಐದು ದಿನಕ್ಕೊಮ್ಮೆ ಕೊಡಬೇಕೆಂದು ಶಿಫಾರಸು. ಹನಿಯಲ್ಲಾದರೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ತೋಟದಲ್ಲಿ ಇದನ್ನು ಕಂಡವರೂ ಮನೆ ಮುಂದಿನ ಕಟ್ಟೆಗೆ ರಬ್ಬರ್ ಪೈಪೇ ಹಿಡಿಯುತ್ತಾರೆ ಎಂಬುದು ಸೋಜಿಗ!

ಆದರೆ ತೋಟದ ಡ್ರಿಪ್ಪನ್ನು ಹಾಗೆಯೇ ಕಟ್ಟೆಗೆ ತಂದರೆ ನಡೆಯುವುದಿಲ್ಲ. ತೋಟದಲ್ಲಿ ಪಂಪು ನೀರನ್ನು ಒತ್ತಿ ತಳ್ಳುತ್ತದೆ. ಕಟ್ಟೆಯಲ್ಲಿ ತಳ್ಳುವವರು ಯಾರೂ ಇಲ್ಲ, ಡ್ರಮ್ಮಿನ ಎತ್ತರವೇ ಒತ್ತಡ. ಮುಖ್ಯ ವಿಚಾರ ಇರುವುದೇ ಇಲ್ಲಿ. ಸ್ವಲ್ಪ ನಿಧಾನವಾಗಿ ನೋಡೋಣ.

ಡ್ರಿಪ್ಪರಿನ ಮೇಲೆ ಗಂಟೆಗೆ 4 ಲೀಟರ್ ಎಂದು ಬರೆದಿರುತ್ತದೆ. ಆ ಮಾತು ಹತ್ತು ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಹೇಳಿದ್ದು. ನಮ್ಮ ಡ್ರಮ್ಮು ಅಷ್ಟು ಎತ್ತರದಲ್ಲಿ ಎಲ್ಲಿ ಉಂಟು? ಸಾಧಾರಣ ಡ್ರಿಪ್ಪರಿನಲ್ಲಿ ಒತ್ತಡ ಕಾಲು ಭಾಗಕ್ಕೆ ಇಳಿದರೆ ನೀರು ಅರ್ಧಕ್ಕೆ ಇಳಿಯುತ್ತದೆ. ಹತ್ತು ಮೀಟರಿಗೆ 4 ಲೀಟರ್ ಕೊಡುವುದು ಎರಡೂವರೆ ಮೀಟರಿಗೆ 2 ಲೀಟರ್, ಒಂದೂವರೆ ಮೀಟರಿಗೆ, ಎಂದರೆ ಐದು ಅಡಿಗೆ, ಒಂದೂವರೆ ಲೀಟರ್ ಕೊಡುತ್ತದೆ. ನಮಗೆ ಆ ಒಂದೂವರೆ ಲೀಟರ್ ಧಾರಾಳ ಸಾಕು. ನಿಧಾನವಾಗಿ ಬಿದ್ದಷ್ಟೂ ಸಡಿಲ ಮಣ್ಣಿಗೆ ಒಳ್ಳೆಯದೇ.

ಈ ಐದು ಅಡಿಯನ್ನು ಅಳೆಯುವುದು ಎಲ್ಲಿಂದ? ನೆಲದಿಂದ ಅಲ್ಲ, ಕಟ್ಟೆಯ ಮೇಲಿನ ಮಣ್ಣಿನಿಂದ. ಎಷ್ಟೋ ಮನೆಗಳಲ್ಲಿ ತಪ್ಪುವುದು ಇಲ್ಲಿಯೇ. ಡ್ರಮ್ಮನ್ನು ಐದು ಅಡಿಯ ಅಟ್ಟಣಿಗೆಯ ಮೇಲೆ ಇಟ್ಟಿರುತ್ತಾರೆ, ಕಟ್ಟೆಯೇ ಎರಡು ಅಡಿ ಎದ್ದಿರುತ್ತದೆ. ಆಗ ಉಳಿಯುವುದು ಮೂರೇ ಅಡಿ. ಡ್ರಮ್ಮಿನಲ್ಲಿ ನೀರು ತಗ್ಗಿದ ಹಾಗೆ ಕೊನೆಯ ಡ್ರಿಪ್ಪರುಗಳು ಸೊರಗುತ್ತವೆ, ‘ಡ್ರಿಪ್ಪು ನಮ್ಮ ಮನೆಗೆ ಆಗ್ಲಿಕ್ಕಿಲ್ಲ’ ಎಂದು ಪೈಪನ್ನು ಸುತ್ತಿ ಅಟ್ಟಕ್ಕೆ ಹಾಕುತ್ತಾರೆ. ಕಟ್ಟೆ ಎರಡು ಅಡಿ ಇದ್ದರೆ ಡ್ರಮ್ಮಿನ ತಳ ನೆಲದಿಂದ ಏಳು ಅಡಿ ಮೇಲೆ ಇರತಕ್ಕದ್ದು. ನಮ್ಮ ಊರಿನ ಮನೆಗಳಿಗೆ ಇದು ದೊಡ್ಡ ಮಾತೇನಲ್ಲ. ಹೆಚ್ಚಿನ ಮನೆಗಳ ಹಿಂದೆ ದರೆ ಉಂಟು. ದರೆಯ ಮೇಲೆ ಗಟ್ಟಿ ಜಾಗ ನೋಡಿ, ಅಂಚಿನಿಂದ ಸ್ವಲ್ಪ ಹಿಂದಕ್ಕೆ ಡ್ರಮ್ಮು ಇಟ್ಟರೆ ಅಟ್ಟಣಿಗೆಯೇ ಬೇಡ. ತಾರಸಿಯ ಮೇಲೆ ಟ್ಯಾಂಕಿ ಇದ್ದವರಿಗೆ ಇನ್ನೂ ಸಲೀಸು. ಅಟ್ಟಣಿಗೆಯೇ ಮಾಡಬೇಕಾದವರು ನೆನಪಿಡಬೇಕಾದದ್ದು, ಇನ್ನೂರು ಲೀಟರ್ ನೀರು ಎಂದರೆ ಇನ್ನೂರು ಕಿಲೋ ಭಾರ. ನಾಲ್ಕು ಅಡಿಕೆ ಮರದ ಕಂಬದ ಮೇಲೆ ಅದನ್ನು ನಿಲ್ಲಿಸಿ ಕೆಳಗೆ ಮಕ್ಕಳನ್ನು ಆಡಲು ಬಿಡಬೇಡಿ. ಕೆಂಪುಕಲ್ಲಿನ ಕಂಬವೇ ಆಗಬೇಕು.

ಡ್ರಮ್ಮಿನ ಬಗ್ಗೆ ಇನ್ನೆರಡು ಮಾತು. ಕೀಟನಾಶಕ ಅಥವಾ ಇನ್ನಾವುದೇ ರಾಸಾಯನಿಕ ತುಂಬಿದ್ದ ಡ್ರಮ್ಮು ಎಷ್ಟು ತೊಳೆದರೂ ಬೇಡ, ನಾವು ತಿನ್ನುವ ಸೊಪ್ಪಿಗೆ ಹೋಗುವ ನೀರು ಅದು. ಬೆಳಕು ಹಾಯುವ ಬಿಳಿ ಡ್ರಮ್ಮಿನಲ್ಲಿ ಪಾಚಿ ಹಿಡಿಯುತ್ತದೆ, ಆದುದರಿಂದ ಕಪ್ಪು ಬಣ್ಣದ್ದು ಲೇಸು. ಇಲ್ಲದಿದ್ದರೆ ಗೋಣಿ ಸುತ್ತಿ. ಬಾಯಿಗೆ ತೆಳು ಬಟ್ಟೆ ಕಟ್ಟಿ ಮೇಲೆ ಮುಚ್ಚಳ ಇಡಿ. ಡೆಂಗ್ಯೂ ತರುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲಿಯೇ.

ಇನ್ನು ಪೈಪು. ಅಂಗಡಿಯಲ್ಲಿ 16 ಮಿಲಿಮೀಟರಿನ ಇನ್‌ಲೈನ್ ಪೈಪು ಎಂದು ಕೇಳಿ. ಡ್ರಿಪ್ಪರು ಪೈಪಿನ ಒಳಗೇ ಒಂದೊಂದು ಅಡಿಗೆ ಕೂಡಿಸಿರುತ್ತದೆ. ಗಂಟೆಗೆ 4 ಲೀಟರಿನದ್ದೇ ತನ್ನಿ, ಅದರ ಹಾದಿ ಅಗಲ, ಬೇಗ ಕಟ್ಟುವುದಿಲ್ಲ. ಅಂಗಡಿಯವರು ‘ಪಿ.ಸಿ. ಡ್ರಿಪ್ಪರ್ ಕೊಂಡುಹೋಗಿ, ಅದು ಮೇಲ್ತರದ್ದು’ ಎಂದಾರು. ಮೇಲ್ತರದ್ದು ಹೌದು, ಏರುತಗ್ಗಿನ ತೋಟಕ್ಕೆ ಅದೇ ಸರಿ. ಆದರೆ ಅದರೊಳಗಿನ ರಬ್ಬರಿನ ಪೊರೆ ಕೆಲಸ ಮಾಡಲು ಪಂಪಿನ ಒತ್ತಡ ಬೇಕು. ಐದು ಅಡಿಯ ಡ್ರಮ್ಮಿಗೆ ಅದು ಸರಿಯಾಗಿ ಬಗ್ಗುವುದಿಲ್ಲ. ಹಾಗೆಯೇ ಬ್ಯಾಟರಿಯ ಟೈಮರು. ಅದರಲ್ಲಿಯೂ ಕೆಲವಕ್ಕೆ ಒತ್ತಡವಿಲ್ಲದೆ ನೀರಿನ ಬಾಯಿ ತೆರೆಯುವುದಿಲ್ಲ. ಕೊಳ್ಳುವುದೇ ಆದರೆ ಒಳಗೆ ಬಾಲ್ ವಾಲ್ವ್ ಇರುವುದನ್ನು ಕೇಳಿ. ನನ್ನ ಕೇಳಿದರೆ, ನಾಲ್ಕು ದಿನ ಮನೆ ಬಿಟ್ಟು ನೆಂಟರಲ್ಲಿಗೆ ಹೋಗುವವರಿಗೆ ಹೊರತು ಟೈಮರು ಬೇಡ. ಬೆಳಿಗ್ಗೆ ಚಹಾಕ್ಕೆ ನೀರಿಡುವಾಗ ನಳಿ ತಿರುಗಿಸಿ, ತಿಂಡಿ ಎರೆದು ಆಗುವಾಗ ನಿಲ್ಲಿಸಿದರೆ ಆಯ್ತು.

ಜೋಡಿಸುವ ಕ್ರಮ ಹೀಗೆ. ಡ್ರಮ್ಮಿನ ತಳದಿಂದ ನಾಲ್ಕು ಬೆರಳು ಮೇಲೆ ತೂತು ಕೊರೆದು ಟ್ಯಾಂಕ್ ನಿಪ್ಪಲ್ ಕೂಡಿಸಿ. ತೀರಾ ತಳಕ್ಕೆ ಬೇಡ. ಕೆಳಗೆ ಕೂತ ಮಡ್ಡಿ ಅಲ್ಲೇ ಕೂತಿರಲಿ. ನಿಪ್ಪಲಿಗೆ ಒಂದು ನಳಿ, ನಳಿಯ ನಂತರ 120 ಮೆಶ್ ಜಾಲರಿಯ ಸಣ್ಣ ಫಿಲ್ಟರು, ಅಲ್ಲಿಂದ ಡ್ರಿಪ್ಪರಿಲ್ಲದ ಬರಿಯ ಪೈಪು ಕಟ್ಟೆಯವರೆಗೆ. ಪೈಪು ಡ್ರಮ್ಮಿನಿಂದ ಇಳಿದು ಅಂಗಳದಲ್ಲಿ ಬಂದು ಮತ್ತೆ ಕಟ್ಟೆಗೆ ಏರುತ್ತದೆ. ಏರಲಿ, ಡ್ರಮ್ಮಿಗಿಂತ ತಗ್ಗಿನಲ್ಲಿ ಇದ್ದರೆ ನೀರು ತಾನಾಗಿ ಏರುತ್ತದೆ. ನಡುವೆ ಒಂಟೆ ಬೆನ್ನಿನ ಹಾಗೆ ಗುಬ್ಬೆದ್ದರೆ ಮಾತ್ರ ಅಲ್ಲಿ ಗಾಳಿ ಸಿಕ್ಕಿಕೊಂಡು ನೀರು ನಿಲ್ಲುತ್ತದೆ. ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ ಕೆಸರು ಸೇರುವುದರಿಂದ ಅಲ್ಲಿ ಒಂದು ಬಿರಡೆ ಇಟ್ಟುಕೊಂಡರೆ ಆಗಾಗ ತೆಗೆದು ತೊಳೆಯಬಹುದು.

ಕಟ್ಟೆಯ ಮೇಲೆ ಎರಡು ಸಾಲು ಪೈಪು ಎಳೆಯಿರಿ. ಪ್ರತಿ ಅಂಚಿನಿಂದ ಒಂದು ಗೇಣು ಒಳಗೆ. ಎರಡು ಸಾಲಿನ ನಡುವೆ ಒಂದೂವರೆ ಅಡಿ ಉಳಿಯುತ್ತದೆ. ಅಂಚಿಗೆ ಹತ್ತಿರ ಹಾಕಲು ಕಾರಣ, ಮೊದಲು ಒಣಗುವುದು ಕಲ್ಲಿಗೆ ತಾಗಿದ ಮಣ್ಣು. ಹರಿವೆಯಂತೆ ಒತ್ತಾಗಿ ಬಿತ್ತುವುದಕ್ಕೆ ನಡುವಿನಲ್ಲಿ ಮೂರನೆಯ ಸಾಲೂ ಬೇಕು. ಡ್ರಿಪ್ಪರಿನ ತೂತು ಮೇಲ್ಮುಖವಾಗಿರಲಿ, ಕೆಳಮುಖವಾದರೆ ಪೈಪಿನ ತಳದಲ್ಲಿ ಕೂರುವ ಹೂಳು ತೂತಿಗೆ ಬರುತ್ತದೆ. ಬಿದಿರಿನ ಕವಲು ಕಡ್ಡಿ ಊರಿ ಪೈಪನ್ನು ಅಲುಗದಂತೆ ಹಿಡಿಸಿ. ಪೈಪಿನ ತುದಿಯನ್ನು ಖಾಯಮ್ಮಾಗಿ ಮುಚ್ಚಬೇಡಿ. ಮಡಚಿ ಎಂಟರ ಆಕಾರದ ಕೊಂಡಿ ತೊಡಿಸಿದರೆ ವಾರಕ್ಕೊಮ್ಮೆ ಬಿಚ್ಚಿ ನೀರು ಹಾಯಿಸಿ ತೊಳೆಯಬಹುದು. ಇದೆಲ್ಲ ಮುಗಿದ ಮೇಲೆ ಎರಡು ಮೂರು ಬೆರಳು ದಪ್ಪಕ್ಕೆ ತರಗೆಲೆ ಅಥವಾ ಬೈಹುಲ್ಲು ಹೊದಿಸಿ. ಮುಚ್ಚಿಗೆ ಇಲ್ಲದ ಡ್ರಿಪ್ಪಿನ ನೀರು ಅರ್ಧ ಬಿಸಿಲಿನ ಪಾಲು.

ಈಗ ಪರೀಕ್ಷೆ. ಇದನ್ನು ಬಿಡಬಾರದು. ಮೂರು ಗೆರಟೆ ತೆಗೆದುಕೊಂಡು ಮೊದಲಿನ, ನಡುವಿನ, ಕೊನೆಯ ಡ್ರಿಪ್ಪರಿನ ಅಡಿಯಲ್ಲಿ ಗುಳಿ ಮಾಡಿ ಇಡಿ. ಆಗ ಮಾತ್ರ ಪೈಪನ್ನು ಸ್ವಲ್ಪ ತಿರುಗಿಸಿ ತೂತು ಕೆಳಗೆ ಮಾಡಬೇಕು. ಹತ್ತು ನಿಮಿಷ ನೀರು ಬಿಟ್ಟು, ಗೆರಟೆಯ ನೀರನ್ನು ಅಳತೆಯ ಲೋಟಕ್ಕೆ ಹೊಯ್ದು ನೋಡಿ. 250 ಮಿಲಿಲೀಟರ್ ಸಿಕ್ಕಿದರೆ ಗಂಟೆಗೆ ಒಂದೂವರೆ ಲೀಟರ್ ಎಂದಾಯಿತು. ಗೆರಟೆ ಸಣ್ಣದಾಗಿ ತುಂಬಿ ಚೆಲ್ಲುವಂತಿದ್ದರೆ ಐದು ನಿಮಿಷ ಹಿಡಿದು ಇಮ್ಮಡಿ ಮಾಡಿ. ಮೊದಲಿನದಕ್ಕೂ ಕೊನೆಯದಕ್ಕೂ ಬಹಳ ಅಂತರ ಕಂಡರೆ ಗಾಳಿ ಸಿಕ್ಕಿದೆಯೋ, ಕಟ್ಟೆ ಒಂದು ಕಡೆಗೆ ವಾಲಿದೆಯೋ ನೋಡಬೇಕು. ಎತ್ತರದ ಒತ್ತಡ ಇಷ್ಟು ಕಡಿಮೆ ಇರುವಾಗ ಅರ್ಧ ಅಡಿಯ ಓರೆಯೂ ಲೆಕ್ಕಕ್ಕೆ ಬರುತ್ತದೆ.

ಎರಡು ಸಾಲಿನಲ್ಲಿ ಇಪ್ಪತ್ತು ಡ್ರಿಪ್ಪರು, ಒಂದೂವರೆ ಲೀಟರಿನಂತೆ ಗಂಟೆಗೆ 30 ಲೀಟರ್ ಆಯಿತು. ನಮಗೆ ಬೇಕಾದ 18 ಲೀಟರಿಗೆ 36 ನಿಮಿಷ. ಇದನ್ನು ಒಂದೇ ಸಲ ಕೊಡಬೇಡಿ. ಬೆಳಿಗ್ಗೆ 18 ನಿಮಿಷ, ಸಂಜೆ ಹೊತ್ತಿಳಿದ ಮೇಲೆ 18 ನಿಮಿಷ. ಡ್ರಮ್ಮು ತುಂಬಿರುವಾಗ ನೀರಿನ ಮಟ್ಟವೇ ಮೂರು ಅಡಿ ಹೆಚ್ಚು, ಹನಿಯೂ ಚುರುಕು. ಎರಡು ಮೂರು ದಿನಕ್ಕೊಮ್ಮೆ ತುಂಬಿಸುತ್ತಾ ಬಂದರೆ ಮಟ್ಟ ಹೆಚ್ಚು ಏರಿಳಿಯದೆ ನಿಮ್ಮ ನಿಮಿಷದ ಲೆಕ್ಕ ನಿಲ್ಲುತ್ತದೆ. ಆಗ ತುಂಬಿದ ಡ್ರಮ್ಮಿಗೇ ಗೆರಟೆ ಪರೀಕ್ಷೆ ಮಾಡಿ ನಿಮಿಷ ಗೊತ್ತುಮಾಡಿ.

ಲೆಕ್ಕ ಎಷ್ಟೇ ಸರಿ ಇದ್ದರೂ ಕೊನೆಯ ತೀರ್ಪು ಮಣ್ಣಿನದ್ದು. ನೀರು ನಿಲ್ಲಿಸಿ ಒಂದು ಗಂಟೆಯ ನಂತರ ನಾಲ್ಕು ಬೆರಳು ಆಳಕ್ಕೆ ಕೆದಕಿ, ಒಂದು ಹಿಡಿ ಮಣ್ಣು ಹಿಚುಕಿ ನೋಡಿ. ಉಂಡೆಯಾಗಿ ನಿಂತು, ಬೆರಳ ಸಂದಿನಲ್ಲಿ ನೀರು ಬಾರದಿದ್ದರೆ ಹದ. ಕಟ್ಟೆಯ ತಳದ ತೂತಿನಲ್ಲಿ ನೀರು ಜಿನುಗಿದರೆ ಅಷ್ಟು ನೀರೂ ನಷ್ಟ, ಜೊತೆಗೆ ಗೊಬ್ಬರದ ಸತ್ವವೂ ತೊಳೆದು ಹೋಯಿತು. ನಾಲ್ಕೈದು ನಿಮಿಷ ಕಡಿಮೆ ಮಾಡಿ. ಏಪ್ರಿಲ್ ಮೇ ತಿಂಗಳಲ್ಲಿ ಗುಡುಗು ಸಹಿತ ಒಂದು ಅಡ್ಡಮಳೆ ಚೆನ್ನಾಗಿ ಬಿದ್ದರೆ ಎರಡು ದಿನ ನಳಿ ಮುಟ್ಟುವುದೇ ಬೇಡ.

ಗಿಡ ನೆಡುವುದೂ ಡ್ರಿಪ್ಪರನ್ನು ನೋಡಿಯೇ ಆಗಬೇಕು. ಸಡಿಲ ಮಣ್ಣಿನಲ್ಲಿ ಒಂದು ಡ್ರಿಪ್ಪರಿನ ತೇವ ಸುತ್ತ ಒಂದು ಅಡಿಯಷ್ಟೇ ಹರಡುತ್ತದೆ. ಬೆಂಡೆ, ಬದನೆ, ಮೆಣಸಿನ ಗಿಡಗಳನ್ನು ತೂತಿನಿಂದ ಮೂರು ನಾಲ್ಕು ಬೆರಳು ದೂರದಲ್ಲಿಯೇ ನೆಡಿ. ಬಸಳೆ, ತೊಂಡೆ ಚಪ್ಪರಕ್ಕೆ ಏರಿ ಎಲೆ ಹೆಚ್ಚಿದಾಗ ನೀರೂ ಹೆಚ್ಚು ಬೇಕು. ಅವುಗಳನ್ನು ಎರಡು ಡ್ರಿಪ್ಪರಿನ ನಡುವೆ, ಕಟ್ಟೆಯ ತುದಿಗೆ ಇಟ್ಟರೆ ಚಪ್ಪರದ ನೆರಳು ಉಳಿದ ಗಿಡಗಳ ಮೇಲೆ ಬೀಳುವುದಿಲ್ಲ. ಬೀಜ ಬಿತ್ತಿದ ಮೊದಲ ಹತ್ತು ದಿನ ಮಾತ್ರ ಹನಿಯನ್ನು ನಂಬಬೇಡಿ. ಸಾಲಿನ ನಡುವೆ ಬಿದ್ದ ಬೀಜಕ್ಕೆ ತೇವ ಮುಟ್ಟುವುದಿಲ್ಲ. ಕೈಯಿಂದ ಚಿಮುಕಿಸಿ ಮೊಳಕೆ ಎಬ್ಬಿಸಿ, ಬೇರು ಇಳಿದ ಮೇಲೆ ಹನಿಗೆ ಒಪ್ಪಿಸಿ.

ಇನ್ನು ಕಟ್ಟಿಕೊಳ್ಳುವ ತೊಂದರೆ. ನಮ್ಮ ಕೆಲವು ಕೊಳವೆಬಾವಿಗಳ ನೀರು ಬರುವಾಗ ತಿಳಿ ಇದ್ದು, ಬಾಲ್ದಿಯಲ್ಲಿ ಇಟ್ಟರೆ ಸ್ವಲ್ಪ ಹೊತ್ತಿಗೆ ಕೆಂಪು ಮಡ್ಡಿ ಬಿಡುತ್ತದೆ. ಅದು ಕಬ್ಬಿಣದ ಅಂಶ. ಗಾಳಿ ತಾಗಿದಾಗ ತುಕ್ಕಾಗಿ ಕೂರುತ್ತದೆ. ಡ್ರಿಪ್ಪರಿನ ಒಳಗೆ ಕೂರುವ ಬದಲು ಡ್ರಮ್ಮಿನೊಳಗೇ ಕೂರುವಂತೆ ಮಾಡುವುದು ಉಪಾಯ. ನೀರನ್ನು ಡ್ರಮ್ಮಿಗೆ ಎತ್ತರದಿಂದ ಚೆದರಿ ಬೀಳುವಂತೆ ಬಿಡಿ, ಒಂದು ರಾತ್ರಿ ಅಲುಗದೆ ಇರಲಿ, ಬೆಳಿಗ್ಗೆ ನಳಿ ತೆರೆಯಿರಿ. ನಾಲ್ಕು ಬೆರಳು ಮೇಲೆ ತೂತು ಕೊರೆಯಲು ಹೇಳಿದ್ದು ಇದಕ್ಕಾಗಿಯೇ. ತಿಂಗಳಿಗೊಮ್ಮೆ ತಳದ ಕೆಂಪು ಮಡ್ಡಿ ಚೆಲ್ಲಿಬಿಡಿ. ಫಿಲ್ಟರಿನ ಜಾಲರಿಯನ್ನು ವಾರಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ, ಕಟ್ಟಿದ ಜಾಲರಿ ಇರುವ ಐದು ಅಡಿಯ ಒತ್ತಡವನ್ನೂ ನುಂಗಿಬಿಡುತ್ತದೆ.

‘ಗೋಬರ್ ಗ್ಯಾಸಿನ ಸ್ಲರಿಯನ್ನು ಡ್ರಮ್ಮಿಗೇ ಹಾಕಿದರೆ ಗೊಬ್ಬರ ನೀರು ಒಟ್ಟಿಗೇ ಹೋಗ್ತದಲ್ಲ?’ ಎಂದು ಕೇಳುವವರುಂಟು. ಹೋಗುವುದಿಲ್ಲ, ಪೈಪಿನಲ್ಲೇ ನಿಲ್ಲುತ್ತದೆ. ಸ್ಲರಿ, ಜೀವಾಮೃತ, ಎಷ್ಟು ಸೋಸಿದರೂ, ಡ್ರಿಪ್ಪಿಗೆ ಆಗುವುದಿಲ್ಲ. ಒಳಗೆ ಲೋಳೆ ಕಟ್ಟುತ್ತದೆ. ನೀರು ಸೇರಿಸಿ ತೆಳು ಮಾಡಿ ಗೆರಟೆಯ ಸೌಟಿನಿಂದ ಬುಡಕ್ಕೆ ಹಾಕಿ, ಗಿಡಕ್ಕೆ ಅದೇ ಹಿತ. ಬಚ್ಚಲಿನ ಸಾಬೂನು ನೀರಿಗೂ ಇದೇ ಮಾತು. ಬಸಳೆಯ ಬುಡಕ್ಕೆ ಕಾಲುವೆ ಮಾಡಿ ಬಿಟ್ಟುಕೊಂಡು ಬಂದವರು ಹಾಗೆಯೇ ಬಿಡಲಿ, ಪೈಪಿಗೆ ತರುವುದು ಬೇಡ.

ಇರುವೆಗಳ ಕಾಟವೂ ಸಣ್ಣದಲ್ಲ. ನೀರು ನಿಂತ ಮೇಲೆ ತೇವ ಹುಡುಕಿ ತೂತಿನೊಳಗೆ ನುಗ್ಗುತ್ತವೆ. ದಿನವೂ ನೀರು ಹಾಯುವ ಪೈಪಿನಲ್ಲಿ ಕಡಿಮೆ, ನಾಲ್ಕು ದಿನ ಖಾಲಿ ಬಿಟ್ಟದ್ದರಲ್ಲಿ ಹೆಚ್ಚು. ಅಳಿಲು ಬಾಯಾರಿ ಪೈಪು ಕಚ್ಚುವುದೂ ಉಂಟು. ಕಟ್ಟೆಯ ಹತ್ತಿರ ಒಂದು ಚಟ್ಟಿಯಲ್ಲಿ ಕುಡಿಯುವ ನೀರು ಇಟ್ಟು ನೋಡಿ, ಕೆಲವು ಮನೆಗಳಲ್ಲಿ ಇದರಿಂದ ಕಡಿತ ಕಡಿಮೆಯಾದದ್ದುಂಟು. ಕಚ್ಚಿದ ಕಡೆ ತುಂಡರಿಸಿ ಜಾಯಿನರ್ ಹಾಕಿದರೆ ಸರಿಯಾಗುತ್ತದೆ.

ಪತ್ತನಾಜೆ ಕಳೆದು ಮಳೆ ಹಿಡಿಯುವ ಲಕ್ಷಣ ಕಂಡ ಕೂಡಲೇ ಪೈಪಿನ ತುದಿಯ ಕೊಂಡಿ ಬಿಚ್ಚಿ, ತಿಳಿನೀರು ಬರುವವರೆಗೆ ಹಾಯಿಸಿ, ನೀರು ಬಸಿದು, ದೊಡ್ಡ ಸುರುಳಿ ಮಾಡಿ ನೆರಳಿನಲ್ಲಿ ತೂಗುಹಾಕಿ. ಫಿಲ್ಟರಿನ ಜಾಲರಿ ಒಣಗಿಸಿ ಒಳಗಿಡಿ. ಡ್ರಮ್ಮನ್ನು ಖಾಲಿ ಮಾಡಿ ಕವುಚಿ ಹಾಕಿ. ಕಟ್ಟೆಯ ತಳದ ತೂತುಗಳಿಗೆ ಒಂದು ಕಡ್ಡಿ ಹಾಕಿ ಬಿಡಿಸಿಡಿ, ಜೂನಿನ ಮೊದಲ ದೊಡ್ಡ ಮಳೆಯ ನೀರು ಅಲ್ಲಿಂದಲೇ ಹೊರಗೆ ಹೋಗಬೇಕು.